ಕೂಗುಗಲ್ಲಿನ ಲೋಹಿತ್

ಲೋಹಿತನ ವಿಷಯ ಬಂದರೆ ಜನ ಅವನ ಕೂದಲಿನಿಂದ ಶುರುಮಾಡುತ್ತಾರೆ. ನನಗೆ ಅಲ್ಲಿಯೇ ಸಿಟ್ಟು ಬರುತ್ತದೆ. ಭುಜದ ತನಕ ಕೂದಲು ಬಿಟ್ಟಿದ್ದ, ಕಿವಿಗೆ ರಿಂಗ್ ಹಾಕಿದ್ದ, ರಾಕ್ ಹಾಡುತ್ತೇನೆ ಅಂತ ಎಸ್ಟೇಟ್ ಕೆಲಸ ಬಿಟ್ಟ, ಕೊನೆಗೆ ದೇವರ ಹಾಡು ಹಾಡಿ ಊರನ್ನೇ ಕೆಡಿಸಿದ ಅನ್ನುತ್ತಾರೆ. ಅವನ ಗಂಟಲು ಎಲ್ಲಿಂದ ಬಂತು ಅಂತ ಒಬ್ಬನೂ ಕೇಳುವುದಿಲ್ಲ. ಕೇಳಿದರೆ ಮಾತು ತಮ್ಮ ಮನೆ ಬಾಗಿಲಿಗೇ ಬಂದು ನಿಲ್ಲುತ್ತದಲ್ಲ, ಅದಕ್ಕೆ.

ನನ್ನ ಹೆಸರು ಆಕಿಫ್. ಸಕಲೇಶಪುರದಲ್ಲಿ ನನ್ನದೊಂದು ಸೌಂಡ್ ಸರ್ವಿಸ್ ಇದೆ. ಮದುವೆ, ಉರುಸು, ಗಣಪತಿ, ಹೋಮ್‌ಸ್ಟೇ ಪಾರ್ಟಿ, ಎಲ್ಲಿ ಕರೆದರೆ ಅಲ್ಲಿಗೆ ಜೀಪಿನಲ್ಲಿ ಬಾಕ್ಸು ಏರಿಸಿಕೊಂಡು ಹೋಗುವವನು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನನ್ನ ಹೆಂಡತಿ ನಾಜಿಮಾ ಹೇಳುತ್ತಾಳೆ. ಇರಲಿ. ಈ ವಿಷಯದಲ್ಲಿ ಸಿಟ್ಟು ಬರದವನ ಮೂಗು ಇದ್ದೂ ಪ್ರಯೋಜನವಿಲ್ಲ.

ಹಾನುಬಾಳು ದಾಟಿ ಮೇಲಕ್ಕೆ ಹೋದರೆ ಬಿದಿರಡಿ ಅಂತ ಊರು. ಮೇಲೆ ತೋಟದವರ ಮನೆಗಳು, ನಡುವೆ ಎಸ್ಟೇಟ್ ಕೂಲಿಯವರ ಲೈನು ಮನೆಗಳು, ಕೆಳಗೆ ದಲಿತರ ಕೇರಿ. ಊರಿನ ದೇವಿ ಬಿದಿರಡಿಯಮ್ಮ. ಹೆಂಚಿನ ಸಣ್ಣ ಗುಡಿ, ಸುತ್ತ ಅಂಗಳ, ಅಂಗಳಕ್ಕೆ ಬೇಲಿ, ಬೇಲಿಗೊಂದು ಕಬ್ಬಿಣದ ಗೇಟು. ವರ್ಷಕ್ಕೊಮ್ಮೆ ಏಪ್ರಿಲ್ ಸುಮಾರಿಗೆ ದೇವಿಯ ಸುಗ್ಗಿ ಹಬ್ಬ ನಡೆಯುತ್ತದೆ. ಸುಗ್ಗಿಗೆ ಮೊದಲು ಒಬ್ಬ ಗೇಟಿನ ಹೊರಗಿರುವ ಚಪ್ಪಟೆ ಕಲ್ಲಿನ ಮೇಲೆ ನಿಂತು ಕೂಗು ಹಾಕಬೇಕು. ಆ ಕೂಗು ಕಿವಿಗೆ ಬಿದ್ದ ಗಳಿಗೆಯಿಂದ ಊರಿಗೆ ಊರೇ ಕಟ್ಟುಬೀಳುತ್ತದೆ. ಹಸಿ ಮರಕ್ಕೆ ಕತ್ತಿ ಹಾಕುವಂತಿಲ್ಲ. ಒಲೆಯ ಮೇಲೆ ಒಗ್ಗರಣೆ ಹಾಕುವಂತಿಲ್ಲ. ಊರು ಬಿಟ್ಟು ಹೋದವರು ಹೊರಗೆ ರಾತ್ರಿ ಉಳಿಯುವಂತಿಲ್ಲ. ಸುಗ್ಗಿ ಮುಗಿದು ಗುಡಿಯೊಳಗೆ ಗಂಟೆ ಬಾರಿಸಿದ ಮೇಲೆ, ಅದೇ ಕಲ್ಲಿನ ಮೇಲೆ ಮತ್ತೆ ನಿಂತು ಕೂಗು ಇಳಿಸಬೇಕು. ಇಳಿಸುವ ತನಕ ಸಾಸಿವೆ ಸಿಡಿಯುವ ಸದ್ದು ಯಾವ ಮನೆಯಿಂದಲೂ ಬರುವುದಿಲ್ಲ.

ಈ ಕೂಗು ಹಾಕುತ್ತಿದ್ದದ್ದು ಲೋಹಿತನ ಅಪ್ಪ ಜವರಯ್ಯ. ಅದಕ್ಕೆ ಮುಂಚೆ ಜವರಯ್ಯನ ಅಪ್ಪ. ಎಂಥ ಗಂಟಲು ಅಂತೀರಿ! ನನ್ನ ಹತ್ತಿರ ಇರುವ ದೊಡ್ಡ ಬಾಕ್ಸುಗಳನ್ನು ಜೋಡಿಸಿಟ್ಟರೂ ಕಣಿವೆಯ ಆಚೆ ದಡಕ್ಕೆ ಅಷ್ಟು ಸ್ಪಷ್ಟವಾಗಿ ಮಾತು ಮುಟ್ಟಿಸಲು ನನ್ನಿಂದಾಗದು. ಆ ಗಂಟಲಿನ ಒಡೆಯನಿಗೆ ಗೇಟಿನ ಒಳಗೆ ಪ್ರವೇಶವಿರಲಿಲ್ಲ. ದೇವಿಯ ಹೆಸರಲ್ಲಿ ಊರನ್ನು ಕಟ್ಟುವವನು ಅವನು, ಬಿಚ್ಚುವವನು ಅವನು, ದೇವಿಯ ಮುಖ ಮಾತ್ರ ನೋಡಿದವನಲ್ಲ.

ಇನ್ನೊಂದು ಹೇಳುತ್ತೇನೆ ಕೇಳಿ. ಪ್ರತಿ ಸುಗ್ಗಿಗೂ ಆ ಅಂಗಳಕ್ಕೆ ಸೀರಿಯಲ್ ಲೈಟು ಕಟ್ಟುವವನು ನಾನು. ಚಪ್ಪಲಿ ಬಿಟ್ಟು, ಗೇಟು ತಳ್ಳಿ ಒಳಗೆ ಹೋಗಿ, ಗುಡಿಯ ಮಾಡಿಗೆ ಏಣಿ ಇಟ್ಟು, ದೇವಿಯ ತಲೆಯ ಮೇಲೇ ವೈರು ಎಳೆದು ಬರುತ್ತೇನೆ. ಒಬ್ಬರೂ ಬೇಡ ಅಂದಿಲ್ಲ. ಪಾನಕವನ್ನೂ ಕೊಟ್ಟಿದ್ದಾರೆ. ಪಾನಕ ಕುಡಿಯುತ್ತ ಬೇಲಿಯಾಚೆ ನೋಡಿದರೆ ಜವರಯ್ಯ, ಅವನ ಹೆಂಡತಿ ಗಂಗಾಮಣಿ, ಕೇರಿಯವರೆಲ್ಲ ಬಿಸಿಲಲ್ಲಿ ನಿಂತಿರುತ್ತಿದ್ದರು. ಲೋಟವನ್ನು ಅರ್ಧಕ್ಕೇ ಕೆಳಗಿಡುತ್ತಿದ್ದೆ.

ಜವರಯ್ಯನನ್ನು ಯಾಕೆ ಒಳಗೆ ಬಿಡುವುದಿಲ್ಲ ಅಂತ ಒಮ್ಮೆ ಕೇಳಿಯೇಬಿಟ್ಟೆ. ಗುಡಿಯ ಸಮಿತಿಯ ಹಿರಿಯರು ರುದ್ರಯ್ಯನವರು, ಊರಿನ ದೊಡ್ಡ ಎಸ್ಟೇಟ್ ಅವರದ್ದೇ. ನಕ್ಕರು.

"ಜಾತಿಗೀತಿ ಎಂಥದ್ದೂ ಇಲ್ಲ ಕಣೋ ಆಕಿಫು. ಕಲ್ಲಿನ ನಿಯಮ ಅದು. ಕೂಗುಗಲ್ಲು ಹತ್ತಿದವ್ನು ಆ ವರ್ಷ ಒಳಗೆ ಬರಂಗಿಲ್ಲ. ನಾನು ಹತ್ತಿದ್ರೂ ಅಷ್ಟೇಯ."

ಹತ್ತುವವರ ಹಾಗೇ ಹೇಳಿದರು. ನಾನು ಬಲ್ಬು ಸರಿಮಾಡಿದೆ.

ರುದ್ರಯ್ಯನವರ ಮಗ ದೇವೇಂದ್ರ. ಓದು ಮುಗಿಸಿ ಗಿಟಾರ್ ಹಿಡಿದುಕೊಂಡು ತೋಟಕ್ಕೆ ಬಂದ. ಆಗ ಲೋಹಿತ್ ಅವರ ಸ್ಟೋರಿನಲ್ಲಿ ಕಾಫಿ ಮೂಟೆ ಹೊರುತ್ತಿದ್ದ. ಲಾರಿಯವನನ್ನು ಕರೆಯಲು ಲೋಹಿತ್ ಕೂಗಿದ್ದನ್ನು ಕೇಳಿ ದೇವೇಂದ್ರನಿಗೆ ಹುಚ್ಚು ಹಿಡಿದುಹೋಯಿತು. "ಮಾರಾಯ, ಇಂಥ ಗಂಟ್ಲು ಇಟ್ಕಂಡು ಮೂಟೆ ಹೊರ್ತಿದ್ದೀಯಲ್ಲೋ" ಅಂತ ಅವನನ್ನು ಎಳೆದುಕೊಂಡು ಹೋಗಿ ಬ್ಯಾಂಡು ಕಟ್ಟಿದ. ಘಾಟ್ ಸೆಕ್ಷನ್ ಅಂತ ಹೆಸರು. ಉಳಿದವರೂ ತೋಟದ ಮನೆಯ ಹುಡುಗರೇ. ಹೋಮ್‌ಸ್ಟೇಗಳಲ್ಲಿ, ರೆಸಾರ್ಟುಗಳಲ್ಲಿ, ಹಾಸನದ ಕಾಲೇಜುಗಳಲ್ಲಿ ಅವರ ಹೆಸರು ಓಡಿತು. ಬಾಕ್ಸು ನನ್ನದು, ಜೀಪು ನನ್ನದು, ಹಾಗಾಗಿ ಎಲ್ಲ ಕಡೆ ನಾನೂ ಇದ್ದೆ. ಮುಂದೆ ನಿಂತು ಹಾಡುವವನು ಲೋಹಿತ್. ಜನ ಬರುತ್ತಿದ್ದದ್ದು ಅವನಿಗಾಗಿ. ಇದು ಬ್ಯಾಂಡಿನ ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ.

ಅನ್ಯಾಯ ಮಾಡಬಾರದು. ದೇವೇಂದ್ರ ಕೆಟ್ಟವನಲ್ಲ. ಲೋಹಿತನ ಜೊತೆ ಒಂದೇ ತಟ್ಟೆಯಲ್ಲಿ ಉಂಡವನು. ಆದರೆ ಅವನಿಗೆ ಬೇಲಿ ಕಾಣುತ್ತಲೇ ಇರಲಿಲ್ಲ. ಒಳಗೇ ಹುಟ್ಟಿದವನು, ಹೇಗೆ ಕಾಣಬೇಕು?

ಜವರಯ್ಯ ಎದೆನೋವಿನಿಂದ ಸತ್ತ. ಆ ವರ್ಷದ ಸುಗ್ಗಿಗೆ ಕೂಗು ಹಾಕಲು ಲೋಹಿತನನ್ನು ಕರೆದರು. ಒಲ್ಲೆ ಅಂದ. "ನಾನು ಯಾರಿಗೆ ಕೂಗ್ತೀನೋ ಅವ್ಳನ್ನ ನೋಡ್ಬೇಕು. ಬಿಡ್ತೀರಾ?" ಅಂತ ಕೇಳಿದ. ಕಲ್ಲಿನ ನಿಯಮ ಅಂದರು. ಸರಿ, ಅಂದ. ಸಮಿತಿಯವರು ಒಂದು ಆಟೋಗೆ ಮೈಕು ಕಟ್ಟಿ, ಪಲ್ಸ್ ಪೋಲಿಯೋ ಪ್ರಚಾರ ಮಾಡಿದ ಹಾಗೆ ಸುಗ್ಗಿಯ ಕಟ್ಟು ಸಾರಿಸಿದರು. ಜನ ನಡೆಸಿಕೊಟ್ಟರು. ಆದರೆ ಹಳಬರಿಗೆ ಸಮಾಧಾನವಿರಲಿಲ್ಲ. ರುದ್ರಯ್ಯನವರ ಮನೆಯಲ್ಲೇ, ಅವರ ತಾಯಿ ಬಸಮ್ಮನವರು, "ಕಬ್ಬಿಣದ ಬಾಯಲ್ಲಿ ಹೇಳಿದ್ದು ಅಮ್ಮಂಗೆ ಕೇಳ್ತದೇನೋ?" ಅಂತ ಗೊಣಗುತ್ತಿದ್ದರಂತೆ.

ಅದಾಗಿ ಸ್ವಲ್ಪ ದಿನಕ್ಕೆ ವನಗೂರಿನ ಕಡೆ ಒಂದು ರೆಸಾರ್ಟಿನಲ್ಲಿ ಭಾನುವಾರ ಮಧ್ಯಾಹ್ನದ ಪಾರ್ಟಿ. ಈಜುಕೊಳದ ಸುತ್ತ ಜನ, ಕೈಯಲ್ಲಿ ಗ್ಲಾಸು. ಮೂರು ಹಾಡು ಆಗಿತ್ತು. ದೇವೇಂದ್ರ ಮೈಕಿಗೆ ಬಂದು, "ಈಗ ನಮ್ಮ ಲೋಹಿತ್ ನಿಮಗೋಸ್ಕರ ಒಂದು ಸ್ಪೆಷಲ್. ನಮ್ಮ ಕಾಡಿನ ಒರಿಜಿನಲ್ ಕೂಗು! ಅವರಪ್ಪ ಹಾಕ್ತಿದ್ದಿದ್ದು!" ಅಂದುಬಿಟ್ಟ. ನೀರಿನಲ್ಲಿದ್ದ ಒಬ್ಬ ಆಗಲೇ ಬಾಯಿಗೆ ಕೈಯಿಟ್ಟು ಹೋ ಅಂತ ಅರಚಿದ. ಉಳಿದವರು ನಕ್ಕರು. ಮೈಯೆಲ್ಲ ಉರಿದುಹೋಯಿತು ನನಗೆ.

ಲೋಹಿತ್ ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಇಳಿದು ಬಂದು ನನ್ನ ಜೀಪಿನಲ್ಲಿ ಕೂತ.

"ಆಕಿಫ್ ಭಾಯ್, ಗಾಡಿ ತೆಗಿ."

"ಬಾಕ್ಸು ಐತಲ್ಲೋ ಅಲ್ಲಿ!"

"ಬಾಕ್ಸು ಆಮೇಲೆ ತಗಂಡ್ ಬಾ. ನನ್ನ ಮೊದ್ಲು ಈ ಗುಡ್ಡ ಇಳ್ಸು."

ಇಳಿಸಿದೆ. ದಾರಿಯುದ್ದಕ್ಕೂ ಬೈದದ್ದು ನಾನು. ಅವನು ಹಲ್ಲು ಕಚ್ಚಿಕೊಂಡು ಕಿಟಕಿಯಾಚೆ ನೋಡುತ್ತಿದ್ದ. ಮತ್ತೆ ಆ ಬ್ಯಾಂಡಿಗೆ ಹೋಗಲಿಲ್ಲ.

ನನ್ನ ಗೋಡೌನಿನಲ್ಲಿ ಸದ್ದು ಗೋಡೆಗೆ ಬಡಿದು ತಿರುಗಿ ಬಾರದಿರಲಿ ಅಂತ ಹಳೆಯ ರಜಾಯಿಗಳನ್ನು ಹೊಡೆದು, ಅಲ್ಲಿಯೇ ಅವನು ತನ್ನ ಮೊದಲನೆಯ ಸ್ವಂತ ಆಲ್ಬಮ್ ಮಾಡಿದ. ಗಿಟಾರಿಗೆ ಆಲೂರಿನಿಂದ ಒಬ್ಬನನ್ನು ಕರೆಸಿದ. ತಮಟೆ ತಾನೇ ಬಾರಿಸಿದ. ಎಲ್ಲ ಹಾಡೂ ಬಿದಿರಡಿಯಮ್ಮನ ಮೇಲೆ. ಆದರೆ ಭಜನೆ ಅಲ್ಲ. ಅವಳ ಎದುರು ನಿಂತು ಜಗಳ ಆಡುವ ಹಾಡುಗಳು. ಒಂದರ ಸಾಲು ಹೀಗಿತ್ತು:

*ಹೊರಗೆ ನಿಂತವನ ದನಿ ನಿನಗೆ ಬೇಕು*
*ಹೊರಗೆ ನಿಂತವನು ಬೇಡವೇನೇ?*

ನನಗೆ ಅರ್ಥವಾಗಲಿಲ್ಲ. ಅಷ್ಟು ಅವಮಾನ ಮಾಡಿದ ಗುಡಿಯ ದೇವರನ್ನು ಯಾಕೆ ಹಾಡಬೇಕು? "ಬುಟ್ಟಾಕೋ ಅತ್ಲಾಗೆ. ಪ್ರೀತಿಪ್ರೇಮದ ಮೇಲೆ ಹಾಡು, ಜನಾನೂ ಕೇಳ್ತಾರೆ" ಅಂದೆ. ಗುಡಿಯೊಳಗೆ ಬಿಡುವುದಿಲ್ಲ ಅಂತ ಕೇಸು ಹಾಕು, ನಾನೂ ಸಾಕ್ಷಿ ಹೇಳುತ್ತೇನೆ ಅಂತಲೂ ಹೇಳಿದೆ.

"ದೇವ್ರ ಮ್ಯಾಲೆ ನಂಗೆ ಸಿಟ್ಟಿಲ್ಲ ಭಾಯ್. ಬೇಲಿ ಮ್ಯಾಲೆ ಐತೆ" ಅಂದ. "ಪೊಲೀಸ್ನೋರು ಜೊತೆಗೆ ಬಂದು ಒಳಗೆ ಬುಟ್ರೆ ನಾನು ನೋಡೋದು ಪೊಲೀಸ್ನೋರ ಮುಖ. ಅವ್ಳ ಮುಖ ಅಲ್ಲ."

ಸರಿ ಮಾರಾಯ, ನಿನ್ನ ಇಷ್ಟ, ಅಂದೆ.

ಆಲ್ಬಮ್ಮನ್ನು ಮೊದಲು ತನ್ನ ಊರಲ್ಲೇ ಹಾಡಬೇಕು ಅಂತ ಹಟ ಹಿಡಿದ. ಮರುವರ್ಷದ ಮೇ ತಿಂಗಳು. ಆ ವರ್ಷದ ಸುಗ್ಗಿ ಅದೇ ಆಟೋ ಮೈಕಿನಲ್ಲಿ ಆಗಲೇ ಮುಗಿದಿತ್ತು. ಗೇಟಿನ ಎದುರಿಗೆ ಇರುವ ಬಯಲು ಪಂಚಾಯಿತಿಯದ್ದು, ಬೇಡ ಅನ್ನುವ ಹಾಗಿರಲಿಲ್ಲ. ಸಂಜೆ ಬಿಸಿಲು ಇರುವಾಗಲೇ ಜನ ಸೇರಿದರು. ಕೇರಿಯವರು, ಲೈನಿನವರು, ಮೇಲಿನ ಮನೆಗಳವರು. ನಗಲಿಕ್ಕೆ ಬಂದವರೇ ಅರ್ಧ. ದೇವೇಂದ್ರ ದೂರದಲ್ಲಿ ತನ್ನ ಜೀಪಿಗೆ ಒರಗಿ ನಿಂತಿದ್ದ. ಬಸಮ್ಮನವರನ್ನು ಯಾರೋ ಕುರ್ಚಿ ಹಾಕಿ ಕೂರಿಸಿದ್ದರು.

ಮೊದಲ ಹಾಡಿಗೆ ಮುಂಚೆ ಲೋಹಿತ್ ಮೈಕನ್ನು ಪಕ್ಕಕ್ಕೆ ಸರಿಸಿ ಸ್ಟೇಜಿನಿಂದ ಇಳಿದ. ನಾನು ಸೌಂಡ್ ಮಿಕ್ಸರಿನ ಹತ್ತಿರದಿಂದ ಕೈಸನ್ನೆ ಮಾಡುತ್ತಲೇ ಇದ್ದೇನೆ, ಅವನು ಈ ಕಡೆ ನೋಡುತ್ತಿಲ್ಲ. ನೆಟ್ಟಗೆ ಹೋಗಿ ಕೂಗುಗಲ್ಲು ಹತ್ತಿದ. ಎರಡೂ ಕೈ ಕಿವಿಗೆ ಇಟ್ಟುಕೊಂಡ.

"ಕೇಳ್ರಪ್ಪೋ ಕೇಳೀ... ಬಿದಿರಡಿಯಮ್ಮ ಎದ್ದವ್ಳೇ... ಹಸುರಿಗೆ ಕತ್ತಿ ಇಕ್ಕಬ್ಯಾಡೀ... ಒಲೆ ಮ್ಯಾಲೆ ಒಗ್ಗರಣೆ ಇಕ್ಕಬ್ಯಾಡೀ..."

ಜವರಯ್ಯನೇ ಎದ್ದು ಬಂದು ಕೂಗಿದಂತಿತ್ತು. ನಗುತ್ತಿದ್ದವರ ನಗು ನಿಂತುಹೋಯಿತು. ಗಂಗಾಮಣಿ ಸೆರಗು ಬಾಯಿಗೆ ಒತ್ತಿಕೊಂಡಳು. ಕೂಗು ಆಚೆ ದಡಕ್ಕೆ ಹೋಗಿ ತಿರುಗಿ ಬರುವಾಗ ತಮಟೆ ಎದ್ದಿತು, ಗಿಟಾರ್ ಸೇರಿತು, ಲೋಹಿತ್ ಸ್ಟೇಜು ಹತ್ತಿದ. ಆ ದಿನ ಹಾಡಿದಂತೆ ಅವನು ಯಾವತ್ತೂ ಹಾಡಿರಲಿಲ್ಲ. ಕಾರ್ಯಕ್ರಮ ಚೆನ್ನಾಗಾಯಿತು, ಸಾಮಾನು ತುಂಬಿಕೊಂಡು ಇಳಿದು ಬಂದೆ. ಕಲ್ಲಿನ ಮೇಲಿನ ಆ ಕೂಗನ್ನು ಅವನು ಹಾಡು ಅಂದುಕೊಂಡಿದ್ದ. ನಾನೂ ಹಾಡು ಅಂದುಕೊಂಡಿದ್ದೆ.

ಮಾರನೆಯ ಬೆಳಗ್ಗೆ ದೇವೇಂದ್ರನ ಫೋನು.

"ನಿನ್ನ ಸಿಂಗರ್ ಏನ್ ಮಾಡವ್ನೆ ನೋಡು ಬಾ! ಮರಗಸಿಗೆ ಒಬ್ನೂ ಬಂದಿಲ್ಲ!"

ಮರಗಸಿ ಅಂದರೆ ಮಳೆಗಾಲಕ್ಕೆ ಮುಂಚೆ ತೋಟದ ನೆರಳಿನ ಮರಗಳ ಕೊಂಬೆ ಸವರುವ ಕೆಲಸ. ಅದು ಆಗದಿದ್ದರೆ ಮಳೆ ಹಿಡಿದಾಗ ಗಿಡಕ್ಕೆ ಬೆಳಕು ಸಿಗದೆ ಕಾಯಿ ಕೊಳೆತು ಉದುರುತ್ತದೆ. ಹಸಿ ಕೊಂಬೆ ಕಡಿಯದೆ ಮರಗಸಿ ಹೇಗೆ? ಕೂಗು ಬಿದ್ದಿದೆ, ಕತ್ತಿ ಮುಟ್ಟುವುದಿಲ್ಲ ಅಂತ ಮರ ಹತ್ತುವವರೆಲ್ಲ ಕೇರಿಯಲ್ಲೇ ಕೂತಿದ್ದರು.

ನಾನು ಹೋಗುವ ಹೊತ್ತಿಗೆ ಇನ್ನೂ ದೊಡ್ಡ ಸುದ್ದಿ ಕಾದಿತ್ತು. ರುದ್ರಯ್ಯನವರ ದೊಡ್ಡ ಮನೆಯಲ್ಲಿ ಬಸಮ್ಮನವರು ಬೆಳಗ್ಗೆ ಒಗ್ಗರಣೆ ಹಾಕಿದ್ದ ಪಲ್ಯವನ್ನು ಬಾಣಲೆ ಸಮೇತ ಅಂಗಳಕ್ಕೆ ಎಸೆದಿದ್ದರು. "ಎರಡು ವರ್ಷದಿಂದ ಬೀಳದ ಕೂಗು ನಿನ್ನೆ ಬಿತ್ತು. ಜವರನ ಗಂಟ್ಲೇ ಅದು. ಈ ಮನೇಲಿ ಸಾಸಿವೆ ಸಿಡಿದ್ರೆ ನಾನು ನೀರೂ ಮುಟ್ಟಲ್ಲ" ಅಂತ ಕೂತಿದ್ದರು. ರುದ್ರಯ್ಯನವರು ಅಸ್ಸಾಮಿನ ಕೆಲಸಗಾರರನ್ನು ಮರ ಹತ್ತಿಸಲು ಕಳಿಸಿದರೆ, ಮುದುಕಿ ಕೋಲು ಊರಿಕೊಂಡು ತೋಟಕ್ಕೇ ಹೋಗಿ ಮರದ ಬುಡದಲ್ಲಿ ಕೂತರಂತೆ. ಆ ಹುಡುಗರು ಹೆದರಿ ಇಳಿದರು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಖುಷಿ ಕೇರಿಗೆ ಹೋಗುವ ತನಕ ಮಾತ್ರ. ದೊಡ್ಡ ಮನೆಯವರಿಗೆ ಕಾಯಿ ಉದುರುವ ಹೆದರಿಕೆ ಮುಂದಿನದು. ಕೇರಿಯವರಿಗೆ ಅವತ್ತಿನ ಕೂಲಿಯೇ ಇಲ್ಲ. ಆ ವಾರ ಕಳೆಯುವುದರೊಳಗೆ ಅಲ್ಲಿಯ ಹೆಂಗಸರ ಮುಖ ಬಿಗಿದುಕೊಂಡಿತ್ತು. ಕೂಗನ್ನು ಮುರಿಯೋಣ ಅಂತ ಒಬ್ಬಳೂ ಅನ್ನಲಿಲ್ಲ, ಆದರೆ ಲೋಹಿತನನ್ನು ಕಂಡರೆ ಬೆನ್ನು ತಿರುಗಿಸುತ್ತಿದ್ದರು. ವಾರದ ಕೊನೆಗೆ ನಾನು ಮತ್ತೆ ಹೋದಾಗ ಮನೆಯೊಳಗೆ ಗಂಗಾಮಣಿ ಮಗನನ್ನು ತರಾಟೆಗೆ ತೆಗೆದುಕೊಂಡಿದ್ದಳು.

"ಅದೇನ್ ಆಟದ ಸಾಮಾನೇನೋ, ಬೇಕಾದಾಗ ಎತ್ಕಳಕ್ಕೆ? ನಿಮ್ಮಪ್ಪ ಕೂಗೋಕೆ ಮುಂಚೆ ಉಪವಾಸ ಇರ್ತಿದ್ದ, ಗೊತ್ತಾ ನಿಂಗೆ?"

"ನಾನೂ ಇದ್ದೆ ಕಣವ್ವ."

ಅವಳು ಮಗನ ಮುಖ ನೋಡಿದಳು. ನಾನೂ ಅವನ ಮುಖ ನೋಡಿದೆ. ಕಾರ್ಯಕ್ರಮದ ದಿನ ಬೆಳಗ್ಗೆಯಿಂದ ಚಹಾ ಕೂಡ ಬೇಡ ಅಂದದ್ದು ಯಾಕೆ ಅಂತ ನನಗೆ ಆಗ ಗೊತ್ತಾಯಿತು.

"ಹಂಗಾರೆ ಅದು ಹಾಡಲ್ಲ" ಅಂದಳು ಗಂಗಾಮಣಿ.

"ಅದೇ ನಂಗೂ ಈಗ ತಿಳೀತಾ ಐತೆ."

ಅಷ್ಟರಲ್ಲಿ ದೇವೇಂದ್ರ ಬಂದ. ಕೇರಿಗೆ ಅವನು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಾಗಿಲ ಹೊರಗೆ ನಿಂತೇ ಮಾತಾಡಿದ. ಅಪ್ಪ ಸಭೆ ಕರೆದಿದ್ದಾರೆ, ನೀನು ಜನರೆದುರಿಗೆ ಅದು ಬರೀ ಶೋ, ಕೂಗಲ್ಲ ಅಂತ ಒಂದು ಮಾತು ಹೇಳಿಬಿಡು, ಅಜ್ಜಿ ಊಟ ಮಾಡುತ್ತಾರೆ, ಕೆಲಸ ಶುರುವಾಗುತ್ತದೆ ಅಂದ. ಆಮೇಲೆ ಮೆಲ್ಲಗೆ, "ಬರೋ ವರ್ಷ ಸುಗ್ಗೀಲಿ ಅಂಗಳದ ಒಳಗೇ ಸ್ಟೇಜ್ ಹಾಕ್ಸಿ ಕೊಡ್ತೀನಿ ಕಣೋ. ಒಳಗೇ ನಿಂತ್ಕಂಡು ಹಾಡು. ಅಪ್ಪನ್ನ ಒಪ್ಸಿದೀನಿ" ಅಂದ.

ನೋಡಿ, ಎಷ್ಟು ಸಲೀಸು! ಮೋಜು ಕೊಡುವವನಾಗಿ ಬಂದರೆ ಗೇಟು ತೆಗೆಯುತ್ತದೆ. ಭಕ್ತನಾಗಿ ಬಂದರೆ ಕಲ್ಲಿನ ನಿಯಮ ಅಡ್ಡ ಬರುತ್ತದೆ. ನಾನು ಬಾಯಿಗೆ ಬಂದಂತೆ ಬೈಯಲು ಹೊರಟೆ, ಲೋಹಿತ್ ನನ್ನ ತೋಳು ಹಿಡಿದ. "ಸಭೆಗೆ ಬರ್ತೀನಿ" ಅಂತ ಅಷ್ಟೇ ಹೇಳಿ ಕಳಿಸಿದ.

ದೇವೇಂದ್ರ ಹೋದ ಮೇಲೆ ನನ್ನ ತಲೆಯೂ ಬೇರೆ ದಾರಿ ಹಿಡಿಯಿತು. ಕೇರಿಯ ಹೊಗೆಯಾಡದ ಒಲೆಗಳನ್ನು ನೋಡಿದ್ದೆನಲ್ಲ. "ಒಂದ್ ಮಾತು ತಾನೆ, ಹೇಳ್ಬುಡೋ. ಒಳಗೂ ಹೋಗ್ತೀಯ, ಜನಕ್ಕೆ ಕೂಲೀನೂ ಆಗ್ತದೆ" ಅಂದೆ.

ಲೋಹಿತ್ ನನ್ನನ್ನು ಸುಡುವಂತೆ ನೋಡಿದ. "ಹೇಳ್ದೆ ಅಂತ ಇಟ್ಕೋ ಭಾಯ್. ನಂದು ಶೋ ಆದ್ರೆ ನಮ್ಮಪ್ಪಂದು ಏನು? ಅದೇ ಮಾತು, ಅದೇ ಗಂಟ್ಲು. ಬದುಕಿದ್ದಷ್ಟು ದಿನ ಅವ್ನು ಹೊರಗೆ ನಿಂತು ಶೋ ಕೊಟ್ಟ ಅಂತ ನಾನೇ ಹೇಳ್ಬೇಕಾ?"



ಗಂಗಾಮಣಿ ಮೂಲೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆ ಹೇಳಿದಳು, "ಮದ್ವೆಯಾಗಿ ಬಂದಾಗಿಂದ ಆ ಬೇಲಿ ಹೊರಗೆ ನಿಂತಿವ್ನಿ. ನಂಗೆ ದೇವ್ರು ಗೊತ್ತಿಲ್ಲ, ಧರ್ಮ ಗೊತ್ತಿಲ್ಲ. ಕಾಲು ನೋಯ್ತಿತ್ತು ಕಣಪ್ಪ. ಅದೊಂದು ಗೊತ್ತು."

ಸಭೆ ಗೇಟಿನ ಎದುರಿಗೇ ಸೇರಿತು, ಮಧ್ಯಾಹ್ನದ ಹೊತ್ತು. ಮೇಲಿನವರು ಒಂದು ಕಡೆ, ಕೇರಿಯವರು ಒಂದು ಕಡೆ. ರುದ್ರಯ್ಯನವರು ಗೇಟು ತೆರೆದು, ಒಳಗೆ ದೀಪ ಹಚ್ಚಿ, ಗೇಟಿನ ಬಾಯಲ್ಲಿ ಬಂದು ನಿಂತರು. ಬಸಮ್ಮನವರು ವಾರದಿಂದ ಗಂಜಿ ಕುಡಿದು ಇಳಿದುಹೋಗಿದ್ದರು, ಆದರೂ ಬಂದು ಕುರ್ಚಿಯಲ್ಲಿ ಕೂತಿದ್ದರು.

"ಲೋಹಿತ್, ಬೆಳೆದ ಹುಡುಗ ನೀನು. ಹೇಳ್ಬುಡಪ್ಪ. ಅವತ್ತು ಹಾಡಿದ್ದು ಹಾಡು ತಾನೆ?" ಅಂದರು ರುದ್ರಯ್ಯನವರು.

"ಹಾಡೂ ಹೌದು, ಕೂಗೂ ಹೌದು ಸಾವ್ಕಾರ್ರೆ. ನಾನು ಉಪವಾಸ ಇದ್ದೆ, ಕಲ್ಲು ಹತ್ತಿದ್ದೆ, ಅಮ್ಮನ ಹೆಸ್ರು ಹೇಳಿದ್ದೆ. ಸುಳ್ಳು ಅಂತ ನಾನು ಹೇಳಕ್ಕಾಗಲ್ಲ."

ಗದ್ದಲವೆದ್ದಿತು. ರುದ್ರಯ್ಯನವರು ಕೈಯೆತ್ತಿ ಸುಮ್ಮನಿರಿಸಿದರು. "ಸರಿ. ಹಂಗಾರೆ ಕೂಗು ಅಂತ್ಲೇ ಇಟ್ಕಳಣ. ನಾನು ಒಳಗೆ ಪೂಜೆ ಮಾಡಿ ಗಂಟೆ ಹೊಡೀತೀನಿ. ಕಲ್ಲು ಹತ್ತಿ ಇಳ್ಸು. ಮುಗೀತು."

"ಇಳ್ಸಲ್ಲ" ಅಂದ ಲೋಹಿತ್. ಅವನ ಗಂಟಲು ಈಗ ಏರಿತ್ತು. "ನಮ್ಮಪ್ಪ ಒಳಗೇನ್ ನಡೀತು ಅಂತ ಯಾವತ್ತೂ ನೋಡ್ಲಿಲ್ಲ, ಗಂಟೆ ಕೇಳಿ ಇಳ್ಸುತ್ತಿದ್ದ. ಜಾತಿ ಅಲ್ಲ, ಕಲ್ಲಿನ ನಿಯಮ ಅಂತೀರಲ್ಲ? ಹಂಗಾರೆ ಈ ಸಲ ನೀವು ಕಲ್ಲು ಹತ್ತಿ. ನಿಮಗೂ ಗಂಟ್ಲು ಐತೆ. ಒಂದ್ ವರ್ಷ ನೀವು ಹೊರಗೆ ನಿಂತ್ಕಳಿ."

ರುದ್ರಯ್ಯನವರು ಕಲ್ಲನ್ನು ನೋಡಿದರು. ನಾಲ್ಕು ಹೆಜ್ಜೆ ದೂರ ಇರಬಹುದು. ಅವರ ಮುಖ ಕಪ್ಪಿಟ್ಟಿತು, ಕಾಲು ಏಳಲಿಲ್ಲ. ದೇವೇಂದ್ರ ಅಪ್ಪನನ್ನೂ ಕಲ್ಲನ್ನೂ ನೋಡುತ್ತ ಬಾಯಿ ತೆರೆದು ನಿಂತಿದ್ದ. ಅವನಿಗೆ ಮೊದಲ ಸಲ ಬೇಲಿ ಕಂಡಿತೋ ಏನೋ.

ಆಗ ಬಸಮ್ಮನವರು ಎದ್ದರು. ಯಾರೋ ಕೈಹಿಡಿಯಲು ಹೋದರೆ ಕೋಲು ಬೀಸಿದರು. ಕಲ್ಲಿನ ಹತ್ತಿರ ಬಂದು, ಪಕ್ಕದಲ್ಲಿ ನಿಂತಿದ್ದ ಗಂಗಾಮಣಿಯ ಭುಜ ಹಿಡಿದು, ಏದುಸಿರು ಬಿಡುತ್ತ ಹತ್ತಿಬಿಟ್ಟರು.

"ಅವ್ವಾ, ಇಳಿ!" ಅಂದರು ರುದ್ರಯ್ಯನವರು.

"ನೀನು ಹತ್ತಲ್ವಲ್ಲ. ಹಸಿದಿದ್ದು ನಾನು, ನಾನೇ ಇಳಿಸ್ತೀನಿ. ಹೋಗಿ ಗಂಟೆ ಹೊಡಿ."

ಊರೆಲ್ಲ ನೋಡುತ್ತಿತ್ತು. ರುದ್ರಯ್ಯನವರು ಒಳಗೆ ಹೋಗಿ ಗಂಟೆ ಬಾರಿಸಲೇಬೇಕಾಯಿತು. ಮುದುಕಿ ಕೂಗಿದರು. ಅದನ್ನು ಕೂಗು ಅನ್ನುವುದು ಹೇಗೆ? ಒಡಕು ದನಿ, ಹಿಂದೆ ನಿಂತವರಿಗೂ ಕೇಳಿರಲಾರದು. ಆದರೆ ಕೇರಿಯ ಹೆಂಗಸರು ಒಬ್ಬರಾದ ಮೇಲೊಬ್ಬರು ಕೈಮುಗಿದರು. ಕೂಗು ಇಳಿದಿತ್ತು.

"ಈಗ ನಾನೂ ಒಳಗೆ ಬರಂಗಿಲ್ಲ. ಅಲ್ವೇನೋ ರುದ್ರ?" ಅಂತ ಬಸಮ್ಮನವರು ಅಲ್ಲಿಯೇ ಕಲ್ಲಿನ ಮೇಲೆ ಕುಕ್ಕರಿಸಿದರು.

ಲೋಹಿತ್ ಗೇಟಿನ ಕಡೆ ತಿರುಗಿದ. "ಸಾವ್ಕಾರ್ರೆ, ನಾನು ಕಲ್ಲು ಹತ್ತಿದೋನು, ಬರಲ್ಲ. ನಮ್ಮವ್ವ ಯಾವತ್ತೂ ಹತ್ತಿಲ್ಲ. ಅವ್ಳಿಗೆ ಯಾವ ನಿಯಮ? ಅವ್ಳನ್ನ ಯಾಕೆ ಇಷ್ಟು ವರ್ಷ ಒಳಗೆ ಬುಡ್ಲಿಲ್ಲ?"

ಇಷ್ಟು ಸುಲಭದ ಪ್ರಶ್ನೆ ಪ್ರತಿವರ್ಷ ಅದೇ ಅಂಗಳಕ್ಕೆ ಲೈಟು ಕಟ್ಟಿದ ನನ್ನ ತಲೆಗೂ ಬಂದಿರಲಿಲ್ಲ. ಗಂಗಾಮಣಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಗ ಹೇಳಿಕೊಟ್ಟಿರಲಿಲ್ಲ, ಯಾರೂ ತಳ್ಳಲಿಲ್ಲ. ತಾನಾಗಿಯೇ ಗೇಟಿನ ತನಕ ನಡೆದುಹೋಗಿ ಚಪ್ಪಲಿ ಬಿಟ್ಟಳು.

ರುದ್ರಯ್ಯನವರು ಒಳಗಿನಿಂದ ಎರಡು ಹೆಜ್ಜೆ ಮುಂದೆ ಬಂದರು. ಜಾತಿ ಅನ್ನಲಿಲ್ಲ, ನಿಯಮ ಅನ್ನಲಿಲ್ಲ. ಅವಳ ಮುಖದ ಮೇಲೆ ಗೇಟನ್ನು ಎಳೆದು ಮುಚ್ಚಿದರು.

ನಾನು ಮುಂದೆ ನುಗ್ಗಿದೆ. ಅಷ್ಟರಲ್ಲಿ ಗಂಗಾಮಣಿ ಬಗ್ಗಿ ಚಪ್ಪಲಿ ಮೆಟ್ಟಿಕೊಂಡಳು. ದನ ನುಗ್ಗದಿರಲಿ ಅಂತ ಆ ಗೇಟಿಗೆ ಹೊರಗಡೆ, ಒಳಗಿನವರ ಕೈಗೆ ಎಟುಕದಂತೆ, ಒಂದು ಚಿಲಕ ಇದೆ. ಅದನ್ನು ಎಳೆದು ಹಾಕಿ, ಕೊಂಡಿಯನ್ನು ತಿರುಗಿಸಿ ಬಿಗಿಮಾಡಿದಳು.

"ಆಯ್ತು ಸಾವ್ಕಾರ್ರೆ. ನೀವೊಬ್ರೇ ಇರಿ ಅವ್ಳ ಜೊತೆ" ಅಂದಳು.

ಬಂದು ಕೂಗುಗಲ್ಲಿನ ಮೇಲೆ ಬಸಮ್ಮನವರ ಪಕ್ಕದಲ್ಲಿ ಕಾಲು ಚಾಚಿಕೊಂಡು ಕೂತಳು. ರುದ್ರಯ್ಯನವರು ಒಳಗಿನಿಂದ ಗೇಟು ಅಲ್ಲಾಡಿಸಿದರು. ಮತ್ತೆ ಅಲ್ಲಾಡಿಸಿದರು. "ದೇವೇಂದ್ರ! ಚಿಲ್ಕ ತೆಗಿಯೋ!" ಅಂತ ಕೂಗಿಕೊಂಡರು. ದೇವೇಂದ್ರ ಒಂದು ಹೆಜ್ಜೆ ಇಟ್ಟವನು ಲೋಹಿತನ ಮುಖ ನೋಡಿ ನಿಂತುಬಿಟ್ಟ. ಮೇಲಿನ ಮನೆಗಳವರು ನೆಲ ನೋಡಿದರು, ಕೇರಿಯವರು ಗೇಟು ನೋಡಿದರು.

"ಅವ್ವಾ, ನೀನಾದ್ರೂ ಹೇಳು!"

"ನಿಂತ್ಕೋ ಮಗ, ಒಂದ್ ಸ್ವಲ್ಪ ಹೊತ್ತು" ಅಂದರು ಬಸಮ್ಮನವರು. "ಇವ್ರು ನಿಂತಿರ್ಲಿಲ್ವಾ?"

ಚಿಲಕ ತೆಗೆಯಲು ಯಾರೂ ಎದ್ದು ಹೋಗಲಿಲ್ಲ.